ಕೌಲ್ ಬಜಾರಿನ ಬೈಂಡಿಂಗ್ ಅಂಗಡಿ: ಹಳೆ ಸತ್ಯವೇದ, ಸಭೆಯ ರಿಜಿಸ್ಟರ್ ಇರುವವರು ಓದಲೇಬೇಕು

ಮನೆಯಲ್ಲಿ ಅಜ್ಜಿ ಕಾಲದ ಸತ್ಯವೇದ, ಅಂದರೆ ಬೈಬಲ್, ಇದೆಯಾ? ಅದರ ಬೆನ್ನು ಕಿತ್ತು ಹಾಳೆ ಉದುರುತ್ತಿದೆಯಾ? ಹಾಗಿದ್ದರೆ ಬಳ್ಳಾರಿ ಕೌಲ್ ಬಜಾರಿನ ಈ ಬೈಂಡಿಂಗ್ ಅಂಗಡಿಗೆ ಕೊಡಿ. ಚರ್ಚ್ ಸಭೆಯ ಬೀರುವಿನಲ್ಲಿ ಹಳೆ ರಿಜಿಸ್ಟರ್‌ಗಳಿದ್ದರಂತೂ ಖಂಡಿತ ಕೊಡಿ. ಕೆಲಸ ನಿಧಾನ, ಹೇಳಿದ ದಿನಕ್ಕೆ ಆಗುವುದಿಲ್ಲ. ಆದರೂ ಹಳೆ ಕಾಗದವನ್ನು ಇಷ್ಟು ಮರ್ಯಾದೆಯಿಂದ ಮುಟ್ಟುವ ಇನ್ನೊಬ್ಬರನ್ನು ನಾನು ಈ ಊರಿನಲ್ಲಿ ನೋಡಿಲ್ಲ.

ನಾನು ಬಳ್ಳಾರಿಯವಳೇ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆ. ಅಮ್ಮನ ಕಡೆಯವರು ಮುದಗಲ್ಲಿನ ಕಥೋಲಿಕರು. ಬಿಜಾಪುರದ ಆದಿಲ್‌ಶಾಹಿಗಳ ಕಾಲದಿಂದಲೇ ಅಲ್ಲಿ ಕಥೋಲಿಕರಿದ್ದಾರೆ. ಹಾಗಾಗಿ ಜೂನ್ 13ರ ಸಂತ ಅಂತೋಣಿ ಹಬ್ಬಕ್ಕೆ ನಮ್ಮ ಮನೆಯಲ್ಲಿ ಈಗಲೂ ಪಾಯಸ ಆಗುತ್ತದೆ. ಸಭೆಯ ಕಮಿಟಿಯಲ್ಲಿ ದಾಖಲೆಗಳ ಬೀರು ನೋಡಿಕೊಳ್ಳುವ ಕೆಲಸ ನನಗೆ ಬಂದಿದೆ. ದೀಕ್ಷಾಸ್ನಾನದ (ಬ್ಯಾಪ್ಟಿಸಂ) ರಿಜಿಸ್ಟರ್, ಮದುವೆ ರಿಜಿಸ್ಟರ್, ಹೂಳಿದವರ ರಿಜಿಸ್ಟರ್, ಕಮಿಟಿಯ ನಡಾವಳಿ ಪುಸ್ತಕಗಳು, ಎಲ್ಲವೂ ಅದರಲ್ಲಿವೆ. ಬೀರು ತೆಗೆದರೆ ಪುಡಿ ಬೀಳುತ್ತಿತ್ತು.

ಅಂಗಡಿ ಇರುವುದು ಮೊದಲ ಗೇಟ್ ಕಡೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ. ಎಡಬಲಕ್ಕೆ ಜೀನ್ಸ್ ಹೊಲಿಯುವ ಮನೆಗಳು. ಮಷಿನ್ ಸದ್ದು ದಿನವಿಡೀ ಇರುತ್ತದೆ. ಬೋರ್ಡಿನ ಅಕ್ಷರ ಪೂರ್ತಿ ಅಳಿಸಿಹೋಗಿದೆ. ಬೈಂಡಿಂಗ್ ಚಾಚಾ ಅಂತ ಕೇಳಿದರೆ ಚಿಕ್ಕ ಮಕ್ಕಳೂ ಕೈ ತೋರಿಸುತ್ತಾರೆ. ಒಳಗೆ ಒಂದು ಹಳೆ ಕಬ್ಬಿಣದ ಪ್ರೆಸ್, ಕೈಯಿಂದ ತಿರುಗಿಸುವ ಕಟಿಂಗ್ ಮಷಿನ್, ಗೋಡೆಗೆ ಒರಗಿಸಿದ ರಟ್ಟು, ಕ್ಯಾಲಿಕೋ ಬಟ್ಟೆಯ ಸುರುಳಿಗಳು. ಮೂಲೆಯಲ್ಲಿ ಸ್ಟೌ ಮೇಲೆ ಮೈದಾ ಅಂಟು. ಕೂರಲು ಒಂದೇ ಸ್ಟೂಲ್.

ಮೊದಲು ಕೊಟ್ಟಿದ್ದು ನಮ್ಮ ಅಜ್ಜಿಯ ಸತ್ಯವೇದ. ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ ಛಾಪಿಸಿದ ಕನ್ನಡ ಪ್ರತಿ. ಆದಿಕಾಂಡದ ಮೊದಲ ಹಾಳೆಗಳು ಬಿಡಿಯಾಗಿದ್ದವು. ಕೀರ್ತನೆಗಳ ಜಾಗದಲ್ಲಿ ಹಾಳೆಯ ಮೂಲೆಗಳು ಬೆರಳು ತಾಗಿ ತಾಗಿ ಕಪ್ಪಾಗಿದ್ದವು. ಬೇರೆ ಕಡೆ ವಿಚಾರಿಸಿದಾಗ ಎಲ್ಲರೂ ಹೇಳಿದ್ದು ಒಂದೇ: ಬೆನ್ನು ಕತ್ತರಿಸಿ, ಪಕ್ಕದಲ್ಲಿ ತೂತು ಹಾಕಿ, ಮಷಿನ್ ಹೊಲಿಗೆ ಹಾಕಿಬಿಡೋಣ. ಚಾಚಾ ಪುಸ್ತಕವನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ತಿರುಗಿಸಿದರು. "ಟೀಚರಮ್ಮ, ಪಕ್ಕದಾಗ ಹೊಲಿದ್ರೆ ಇದು ಪೂರ್ತಿ ತೆರೆಯಂಗಿಲ್ರಿ. ಒತ್ತಿ ಹಿಡ್ಕೊಂಡು ಓದಬೇಕಾಗ್ತದೆ. ಹಂಗ ಒತ್ತಿದ್ರೆ ಹಾಳೆ ಮುರೀತದೆ," ಅಂದರು.

ಅವರ ಕೆಲಸದ ಕ್ರಮ ಹೀಗಿದೆ. ಮೊದಲು ಹಳೆ ದಾರ ಬಿಚ್ಚುತ್ತಾರೆ. ಬೆನ್ನಿನ ಹಳೆ ಅಂಟನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ ಸ್ವಲ್ಪ ಸ್ವಲ್ಪವೇ ಕೆರೆಯುತ್ತಾರೆ. ಆಮೇಲೆ ಫಾರಂಗಳನ್ನು, ಅಂದರೆ ಒಟ್ಟಿಗೆ ಮಡಿಸಿದ ಹಾಳೆಗಳ ಕಟ್ಟುಗಳನ್ನು, ಒಂದೊಂದಾಗಿ ಬಿಡಿಸಿ, ಮಡಿಕೆಯಲ್ಲಿ ಹರಿದ ಕಡೆ ತೆಳು ಟಿಶ್ಯೂ ಕಾಗದ ಅಂಟಿಸುತ್ತಾರೆ. ಪುಟಗಳ ಅಂಕಿ ನೋಡಿ ಸಾಲಾಗಿ ಜೋಡಿಸುತ್ತಾರೆ. ಬೆನ್ನಿಗೆ ಅಡ್ಡಲಾಗಿ ಹತ್ತಿ ಬಟ್ಟೆಯ ಪಟ್ಟಿ ಇಟ್ಟು, ಒಂದೊಂದು ಫಾರಂ ಅನ್ನೂ ಅದರ ಮೇಲೆ ಸೂಜಿಯಿಂದ ಹೊಲಿಯುತ್ತಾರೆ. ಅಂಟಿಗೆ ಮೈದಾ, ಹುಳ ಬೀಳದಿರಲಿ ಅಂತ ಚಿಟಿಕೆ ಮೈಲುತುತ್ತ. ಬಾಟಲಿಯ ಬಿಳಿ ಗಮ್ ಹಳೆ ಪುಸ್ತಕಕ್ಕೆ ಮುಟ್ಟಿಸುವುದಿಲ್ಲ. ಅದು ಒಣಗಿ ಗಟ್ಟಿಯಾದರೆ ಮುಂದೆ ಯಾರೂ ಬಿಚ್ಚಿ ರಿಪೇರಿ ಮಾಡಲಾಗುವುದಿಲ್ಲ ಎನ್ನುತ್ತಾರೆ. ಮೈದಾ ಅಂಟಾದರೆ ನೀರು ತಾಗಿಸಿ ಬಿಡಿಸಬಹುದು.

ದಾರದ ವಿಷಯದಲ್ಲೂ ಅವರು ಕಟ್ಟುನಿಟ್ಟು. ಸುತ್ತಮುತ್ತ ಜೀನ್ಸ್ ದಾರ ಬೇಕಾದಷ್ಟು ಸಿಗುತ್ತದೆ, ಸುಮ್ನೆ ಕೇಳಿದರೂ ಕೊಡುತ್ತಾರೆ. ಆದರೆ ಅದು ಪಾಲಿಯೆಸ್ಟರ್. ಕಾಗದಕ್ಕಿಂತ ಗಟ್ಟಿ. ಹಾಳೆ ತಿರುಗಿಸಿದಂತೆಲ್ಲ ಮಡಿಕೆಯನ್ನು ಕೊಯ್ಯುತ್ತದೆ. ಅವರು ಬಳಸುವುದು ಹತ್ತಿ ದಾರ, ಅದಕ್ಕೆ ಮೇಣ ಸವರಿ. ಪುಸ್ತಕಕ್ಕೂ ದಾರಕ್ಕೂ ಜಗಳ ಬಂದರೆ ದಾರ ಸೋಲಬೇಕು, ಹಾಳೆ ಅಲ್ಲ. ಅವರ ಲೆಕ್ಕ ಇದು.

ನನ್ನ ಸತ್ಯವೇದ ಈಗ ಮೇಜಿನ ಮೇಲೆ ಇಟ್ಟರೆ ತಾನಾಗಿ ತೆರೆದುಕೊಂಡು ನಿಲ್ಲುತ್ತದೆ. ಕಪ್ಪು ಕ್ಯಾಲಿಕೋ ಹೊದಿಕೆ, ಬೆನ್ನಿಗೆ ಚಿನ್ನದ ಅಕ್ಷರ. ಅಜ್ಜಿ ಮುಂದಿನ ಖಾಲಿ ಹಾಳೆಯಲ್ಲಿ ಮಕ್ಕಳ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಎಲ್ಲ ಬರೆದಿಟ್ಟಿದ್ದರು. ಆ ಹಾಳೆಯನ್ನು ಒಂದು ಕೂದಲಷ್ಟೂ ಕತ್ತರಿಸದೆ ಹಾಗೇ ಉಳಿಸಿದ್ದಾರೆ. ಕೊಡುವಾಗ ನಾನು ಇದನ್ನು ಹೇಳಿರಲಿಲ್ಲ. "ಕೈಬರಹ ಇರೋ ಹಾಳೆಗೆ ಬ್ಲೇಡ್ ಹಾಕಂಗಿಲ್ಲ, ಅದು ನಮ್ಮ ಅಂಗಡಿ ರೂಲ್," ಅಂದರು.

ಇಷ್ಟು ಮುತುವರ್ಜಿ ಯಾಕೆ ಮುಖ್ಯ ಅಂತ ಹೇಳಬೇಕು. ಕನ್ನಡ ಸತ್ಯವೇದಕ್ಕೂ ಬಳ್ಳಾರಿಗೂ ಇರುವ ನಂಟು ನಮ್ಮ ಸಭೆಯ ಹುಡುಗರಿಗೇ ಗೊತ್ತಿಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟು ಆಗಿನ್ನೂ ಹತ್ತು ವರ್ಷ. ಕಂಪನಿಗೆ ಮಿಷನರಿಗಳೆಂದರೆ ಆಗ ಇಷ್ಟವಿರಲಿಲ್ಲ. ಅವರಿಗೆ ಬಾಗಿಲು ತೆರೆದದ್ದು 1813ರ ಚಾರ್ಟರ್ ಕಾಯ್ದೆ. ಹ್ಯಾಂಡ್ಸ್ ಅದಕ್ಕೂ ಮೊದಲೇ ಬಂದು ಇಲ್ಲಿ ಕೂತು ಕನ್ನಡ ಕಲಿತರು, ಶಾಲೆ ತೆರೆದರು, ಭಾಷಾಂತರ ಶುರು ಮಾಡಿದರು. 1816ರಲ್ಲಿ ವಿಲಿಯಂ ರೀವ್ ಅವರನ್ನು ಕೂಡಿಕೊಂಡರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಇಪ್ಪತ್ತು ವರ್ಷದ ಕೆಲಸ ಅದು. ಇಬ್ಬರು ಪರದೇಶಿಗಳಷ್ಟೇ ಕೂತು ಮಾಡಿದ್ದಲ್ಲ. ಪಕ್ಕದಲ್ಲಿ ಕೂತು ತಿದ್ದಿದ ಊರಿನ ಪಂಡಿತರು, ಮುನ್ಷಿಗಳು ಇದ್ದರು. ಅವರ ಹೆಸರು ಯಾವ ಮುಖಪುಟದಲ್ಲೂ ಬರಲಿಲ್ಲ ಅನ್ನುವುದು ನನಗೆ ಈಗಲೂ ನೋವು.

ರೀವ್ ಇಷ್ಟಕ್ಕೇ ನಿಲ್ಲಲಿಲ್ಲ. 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ತಂದರು. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಅದರ ಮುಂಚಿನ ದಾರಿಯಲ್ಲಿ ಬಳ್ಳಾರಿಯೂ ಇದೆ ಅನ್ನುವುದನ್ನು ನಾನು ತರಗತಿಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ. ಗಣಿ, ಜೀನ್ಸ್, ಬಿಸಿಲು ಇಷ್ಟೇ ಅಲ್ವಾ ಟೀಚರ್ ನಮ್ಮ ಊರು ಅನ್ನುತ್ತಾರೆ.

ಪತ್ರಿಕೆಯ ಕಥೆಯೂ ಹಾಗೇ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ತಂದರು. ಇದು ಎಲ್ಲರಿಗೂ ಗೊತ್ತು, ಜುಲೈ 1ಕ್ಕೆ ಪತ್ರಿಕಾ ದಿನ ಮಾಡುತ್ತೇವೆ. ಆದರೆ ಮರುವರ್ಷ, 1844ರಲ್ಲಿ, ಆ ಪತ್ರಿಕೆ ಕನ್ನಡ ಸಮಾಚಾರ ಅನ್ನುವ ಹೆಸರಿನಲ್ಲಿ ಬಳ್ಳಾರಿಗೆ ಬಂತು. ಇಲ್ಲಿನ ಮಿಷನ್ ಅಚ್ಚುಕೂಟದಲ್ಲಿ ಅಚ್ಚಿನ ಮೊಳೆ ಜೋಡಿಸಿ ಅಚ್ಚು ಹಾಕಿದರು. ಅಚ್ಚುಕೂಟ ಇದ್ದ ಮೇಲೆ ಮೊಳೆ ಜೋಡಿಸುವವರು, ಮಡಿಸುವವರು, ಹೊಲಿಯುವವರು ಇರಲೇಬೇಕು. ಚಾಚಾನ ಪ್ರೆಸ್ ಪಕ್ಕ ನಿಂತಾಗ ನನಗೆ ಆ ಜನರ ನೆನಪೇ ಬರುತ್ತದೆ.

ಸತ್ಯವೇದ ಚೆನ್ನಾಗಿ ಆದ ಮೇಲೆ ಧೈರ್ಯ ಬಂತು. ಕಮಿಟಿಯಲ್ಲಿ ಮಾತಾಡಿ ದೀಕ್ಷಾಸ್ನಾನದ ರಿಜಿಸ್ಟರ್ ತಂದುಕೊಟ್ಟೆ. ಇದು ಕಷ್ಟದ ಕೆಲಸ. ಯಾಕೆಂದರೆ ನಾನು ಕಮಿಟಿಗೆ ಬರುವ ಮೊದಲೇ, ಒಂದು ಜೆರಾಕ್ಸ್ ಅಂಗಡಿಯವರು ಅದರ ಕೆಲವು ಹಾಳೆಗಳನ್ನು ಲ್ಯಾಮಿನೇಷನ್ ಮಾಡಿಕೊಟ್ಟಿದ್ದರು. ಹಾಳೆ ಪ್ಲಾಸ್ಟಿಕ್ ಒಳಗೆ ಸೇರಿಕೊಂಡು ಕಂದುಬಣ್ಣಕ್ಕೆ ತಿರುಗಿದೆ. ಶಾಯಿ ಹರಡಿದೆ. ಅದನ್ನು ಬಿಡಿಸಲು ಹೋದರೆ ಕಾಗದದ ಮೇಲ್ಪದರವೇ ಪ್ಲಾಸ್ಟಿಕ್ ಜೊತೆ ಬರುತ್ತದೆ. ಚಾಚಾ ಅದನ್ನು ಮುಟ್ಟಲು ಒಪ್ಪಲಿಲ್ಲ. ಹಾಗೇ ಇಟ್ಟು, ಆ ಹಾಳೆಗಳಿಗೆ ಬೇರೆ ಜೇಬು ಮಾಡಿ ರಿಜಿಸ್ಟರಿನ ಹಿಂದೆ ಸೇರಿಸಿದರು. ಎಲ್ಲ ಸಭೆಗಳಿಗೂ ಕೈ ಮುಗಿದು ಕೇಳುತ್ತೇನೆ, ಹಳೆ ರಿಜಿಸ್ಟರ್‌ಗೆ ಲ್ಯಾಮಿನೇಷನ್ ಮಾಡಿಸಬೇಡಿ. ಸೆಲ್ಲೋಟೇಪ್ ಕೂಡ ಬೇಡ.

ಉಳಿದ ಹಾಳೆಗಳ ಕೆಲಸ ಅದ್ಭುತ. ರಿಜಿಸ್ಟರ್ ದೊಡ್ಡದು, ಅಗಲ ಜಾಸ್ತಿ, ಅಂಚುಗಳು ಬಿಸ್ಕತ್ತಿನಂತೆ ಮುರಿಯುತ್ತಿದ್ದವು. ಅಂಚಿನಲ್ಲೇ ಅಯ್ಯನವರುಗಳು (ಪಾದ್ರಿಗಳು) ಸಣ್ಣಗೆ ಏನೇನೋ ಬರೆದಿದ್ದಾರೆ: ಊರು ಬಿಟ್ಟು ಹೋದರು, ಗುಂತಕಲ್ಲಿಗೆ ವರ್ಗ, ಎರಡನೇ ಮದುವೆ. ಮಾಮೂಲಿ ಬೈಂಡರ್ ಆದರೆ ಅಂಚನ್ನು ಕಟಿಂಗ್ ಮಷಿನ್ನಿಗೆ ಕೊಟ್ಟು ನೀಟು ಮಾಡಿಬಿಡುತ್ತಿದ್ದ. ಆ ಬರಹವೆಲ್ಲ ಕಸದ ಬುಟ್ಟಿಗೆ ಹೋಗುತ್ತಿತ್ತು. ಚಾಚಾ ಪ್ರತಿ ಹಾಳೆಗೂ ಸುತ್ತ ತೆಳು ಕಾಗದದ ಚೌಕಟ್ಟು ಕಟ್ಟಿದ್ದಾರೆ. ಈಗ ಬೆರಳು ತಾಗುವುದು ಹೊಸ ಕಾಗದಕ್ಕೆ, ಹಳೆಯದಕ್ಕಲ್ಲ.

ಕೆಲಸ ಮುಗಿದ ಮೇಲೆ ಮೊದಲ ಬಾರಿ ರಿಜಿಸ್ಟರನ್ನು ಭಯವಿಲ್ಲದೆ ತಿರುಗಿಸಿ ಓದಿದೆ. ಶುರುವಿನ ಪುಟಗಳು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ತಂದೆಯ ಉದ್ಯೋಗದ ಕಾಲಂ ಒಂದನ್ನೇ ಓದುತ್ತಾ ಹೋದರೂ ಕೌಲ್ ಬಜಾರ್ ಕಣ್ಣ ಮುಂದೆ ಬರುತ್ತದೆ. ಬಟ್ಲರ್, ಸಿಪಾಯಿ, ಕುದುರೆ ನೋಡಿಕೊಳ್ಳುವವನು, ದರ್ಜಿ, ಗಾರೆ ಕೆಲಸ, ಅಚ್ಚುಕೂಟ, ಆಮೇಲಾಮೇಲೆ ರೈಲ್ವೆ, ಆಸ್ಪತ್ರೆ, ಶಾಲೆ ಮಾಸ್ತರು. ಕಂಟೋನ್ಮೆಂಟಿನಲ್ಲಿ ದಂಡು ಇತ್ತು, ದಂಡಿಗೆ ಬೇಕಾದದ್ದನ್ನೆಲ್ಲ ಒದಗಿಸುವ ಜನ ಕೌಲ್ ಬಜಾರಿನಲ್ಲಿದ್ದರು. ಸಭೆಗಳು ಹುಟ್ಟಿದ್ದು ಈ ಜನರಿಂದ. ನಮ್ಮ ಚರ್ಚುಗಳ ಇತಿಹಾಸ ಬರೆಯುವವರು ಯಾವಾಗಲೂ ಕಟ್ಟಡ, ಗಂಟೆ, ಮಿಷನರಿಗಳ ಹೆಸರಿನಿಂದ ಶುರು ಮಾಡುತ್ತಾರೆ. ಈ ಕಾಲಂನಿಂದ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೆಸರುಗಳನ್ನೂ ನೋಡಬೇಕು. ಮೊದಲ ಮಗುವಿನ ದೀಕ್ಷಾಸ್ನಾನದಲ್ಲಿ ತಾಯಿ ಮುತ್ತಮ್ಮ. ಮೂರನೇ ಮಗುವಿನ ಹೊತ್ತಿಗೆ ಮೇರಿ ಮುತ್ತಮ್ಮ. ಅದೇ ಮನೆ, ಅದೇ ಗಂಡ. ಒಬ್ಬ ಮನುಷ್ಯ ಎಷ್ಟರಮಟ್ಟಿಗೆ ಬದಲಾದ, ಎಷ್ಟರಮಟ್ಟಿಗೆ ಹಳಬನಾಗಿಯೇ ಉಳಿದ ಅನ್ನುವ ಪ್ರಶ್ನೆ ಈ ಬೀದಿಗಳಿಗೆ ಹೊಸದಲ್ಲ. ಇದೇ ಪ್ರಶ್ನೆ ಬಳ್ಳಾರಿಯ ಒಂದು ಮನೆಯಿಂದ ಹೊರಟು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ, ಅಂದರೆ ಆಗಿನ ಕೊನೆಯ ಮೇಲ್ಮನವಿ ಕೋರ್ಟಿನವರೆಗೆ, ಹೋಗಿತ್ತು.

ಆ ಮೊಕದ್ದಮೆಯ ಹೆಸರು ಏಬ್ರಹಾಂ ವಿರುದ್ಧ ಏಬ್ರಹಾಂ. ಕಾನೂನು ಓದಿದವರಿಗೆ ಚೆನ್ನಾಗಿ ಗೊತ್ತು. ಬಳ್ಳಾರಿಯವರಿಗೆ ಗೊತ್ತಿಲ್ಲ. ಮ್ಯಾಥ್ಯೂ ಏಬ್ರಹಾಂ ಅನ್ನುವವರು ಇಲ್ಲಿದ್ದರು. ಕೆಲವು ತಲೆಮಾರು ಹಿಂದೆಯೇ ಕ್ರೈಸ್ತರಾದ ಭಾರತೀಯ ಕುಟುಂಬ. ಅವರು 1820ರಲ್ಲಿ ಷಾರ್ಲಟ್ ಫಾಕ್ಸ್ ಅನ್ನುವ ಆಂಗ್ಲೋ ಇಂಡಿಯನ್ ಹೆಣ್ಣುಮಗಳನ್ನು ಮದುವೆಯಾದರು. ಅಂಗಡಿ ವ್ಯಾಪಾರ, ಸಾರಾಯಿ ಭಟ್ಟಿಯ ಗುತ್ತಿಗೆಯಿಂದ ದೊಡ್ಡ ಶ್ರೀಮಂತರಾದರು. 1842ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ವ್ಯಾಪಾರದಲ್ಲಿ ಜೊತೆಗಿದ್ದ ತಮ್ಮ ಫ್ರಾನ್ಸಿಸ್ ಕೆಲವು ವರ್ಷಗಳ ನಂತರ ಆಸ್ತಿಯಲ್ಲಿ ಅರ್ಧ ಕೇಳಿದರು. ನಾವು ಅಣ್ಣತಮ್ಮಂದಿರು, ಅವಿಭಕ್ತ ಕುಟುಂಬ, ಹಿಂದೂ ಪದ್ಧತಿ ಪ್ರಕಾರ ಪಾಲು ಬರಬೇಕು ಅಂತ. ಷಾರ್ಲಟ್ ಒಪ್ಪಲಿಲ್ಲ.

ಕೋರ್ಟಿನಲ್ಲಿ ಚರ್ಚೆಯಾದದ್ದು ಬರೀ ಲೆಕ್ಕಪತ್ರ ಅಲ್ಲ. ಈ ಮನೆಯವರು ಎಂಥ ಬಟ್ಟೆ ಹಾಕುತ್ತಿದ್ದರು, ಯಾರ ಜೊತೆ ಓಡಾಡುತ್ತಿದ್ದರು, ಮನೆಯ ರೀತಿನೀತಿ ಯಾರಂತಿತ್ತು ಅನ್ನುವುದೆಲ್ಲ ಸಾಕ್ಷಿಯಾಗಿ ಬಂತು. 1863ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಕ್ರೈಸ್ತನಾದವನು ಹಳೆಯ ಕಾನೂನನ್ನು ಇಟ್ಟುಕೊಳ್ಳಬಹುದು, ಬಿಡಲೂಬಹುದು. ಅವನು ಹೇಗೆ ಬದುಕಿದ ಅನ್ನುವುದನ್ನು ನೋಡಿ ತೀರ್ಮಾನ ಮಾಡಬೇಕು. ಹಿಂದೂ ಅವಿಭಕ್ತ ಕುಟುಂಬದ ನಿಯಮ ಮ್ಯಾಥ್ಯೂ ಅವರ ಆಸ್ತಿಗೆ ಹಿಡಿಯುವುದಿಲ್ಲ ಅಂತ ಆಯಿತು. ಎರಡು ವರ್ಷದ ನಂತರ, 1865ರಲ್ಲಿ, ಭಾರತೀಯ ಉತ್ತರಾಧಿಕಾರ ಕಾಯ್ದೆ ಬಂದು ಇಂಥ ಗೊಂದಲಕ್ಕೆ ಒಂದು ದಾರಿ ಮಾಡಿತು. ಮುಂದೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಮದುವೆ ರಿಜಿಸ್ಟರುಗಳಿಗೂ ಖಚಿತ ನಿಯಮ ಹಾಕಿತು. ನಮ್ಮ ಬೀರುವಿನಲ್ಲಿರುವ ಮದುವೆ ರಿಜಿಸ್ಟರಿನ ಒಂದೊಂದು ಸಹಿಯ ಹಿಂದೆಯೂ ಆಸ್ತಿ, ಮಕ್ಕಳು, ವಿಧವೆಯ ಹಕ್ಕು ಎಲ್ಲ ನಿಂತಿದೆ. ಪಿಂಚಣಿಗೆ, ಪಾಸ್‌ಪೋರ್ಟಿಗೆ ಅಂತ ಇವತ್ತಿಗೂ ಜನ ಅದರ ನಕಲು ಕೇಳಿಕೊಂಡು ಬರುತ್ತಾರೆ.

ಅಂಗಡಿಗೆ ಹೋದರೆ ನಿಮ್ಮ ಪುಸ್ತಕ ಅಷ್ಟೇ ನೋಡಿಕೊಂಡು ಬರಬೇಡಿ. ಕಪಾಟಿನಲ್ಲಿ ಒಣಗಲು ಇಟ್ಟದ್ದನ್ನೂ ನೋಡಿ. ನಾನು ನೋಡಿದಾಗ ಅಲ್ಲಿ ಕುರಾನ್ ಪ್ರತಿಗಳಿದ್ದವು, ಬಸವ ಪುರಾಣ ಇತ್ತು, ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ಇತ್ತು. ಅವುಗಳ ಜೊತೆಗೇ ಒಂದು ತಮಿಳು ಹಾಡಿನ ಪುಸ್ತಕ, ಒಂದು ತೆಲುಗು ಬೈಬಲ್, ಇಂಗ್ಲಿಷಿನ ಪ್ರಾರ್ಥನಾ ಪುಸ್ತಕ, ಲ್ಯಾಟಿನ್ ಪೂಜಾ ಪುಸ್ತಕ. ಒಂದು ಪೇಟೆಯ ಕ್ರೈಸ್ತರು ಎಷ್ಟು ಭಾಷೆಯಲ್ಲಿ ಪ್ರಾರ್ಥನೆ ಮಾಡಿದ್ದಾರೆ ನೋಡಿ. ಯಾಕೆ ಹೀಗೆ ಅಂದರೆ ಕಾರಣ ಇದೆ. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿಗೆ ಸೇರಿದ್ದೆವು. ಮದ್ರಾಸ್ ದಂಡಿನ ಜೊತೆ ತಮಿಳರು ಬಂದರು. ತೆಲುಗು ಮಾತಾಡುವವರು ಸುತ್ತಲೂ ಇದ್ದೇ ಇದ್ದರು. ಆ ದಿನ ಬಳ್ಳಾರಿ ಮೈಸೂರಿಗೆ ಸೇರಿತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನೆಂಟರು ಅತ್ತ, ಸಭೆ ಇತ್ತ. ನಮ್ಮಲ್ಲಿ ಆದೋನಿಯಿಂದ ಹೆಣ್ಣು ತರುವುದು, ಅಲ್ಲಿಗೆ ಕೊಡುವುದು ಇನ್ನೂ ನಿಂತಿಲ್ಲ.

ಇಂಗ್ಲಿಷ್ ಪ್ರಾರ್ಥನಾ ಪುಸ್ತಕದವರು ಆಂಗ್ಲಿಕನ್ನರು. ಕಂಟೋನ್ಮೆಂಟಿನ ಬಿಳಿ ಅಧಿಕಾರಿಗಳು, ಸೈನಿಕರು ಹೋಗುತ್ತಿದ್ದದ್ದು ಅವರ ಚರ್ಚಿಗೆ. ಅಲ್ಲಿ ಸರ್ಕಾರವೇ ಚಾಪ್ಲಿನ್‌ಗೆ (ದಂಡಿನ ಪಾದ್ರಿಗೆ) ಸಂಬಳ ಕೊಡುತ್ತಿತ್ತು. ಮಿಷನ್ ಸಭೆಯವರು ಬೇರೆ. ಅವರ ಆರಾಧನೆ ಸರಳ, ಬಿಷಪ್ ಇಲ್ಲ, ಸಭೆಯವರೇ ಕೂತು ತೀರ್ಮಾನ ಮಾಡುವ ಪದ್ಧತಿ. ಲಂಡನ್ ಮಿಷನ್ ಸಭೆಗಳು 1908ರಲ್ಲಿ ದಕ್ಷಿಣ ಭಾರತದ ಐಕ್ಯ ಸಭೆಯೊಳಗೆ ಸೇರಿದವು. 1947ರ ಸೆಪ್ಟೆಂಬರ್ 27ರಂದು ಈ ಐಕ್ಯ ಸಭೆ, ಆಂಗ್ಲಿಕನ್ನರು, ಮೆಥಡಿಸ್ಟರು ಎಲ್ಲ ಕೂಡಿ ಸಿಎಸ್‌ಐ ಆಯಿತು. ಸ್ವಾತಂತ್ರ್ಯ ಬಂದು ಆರು ವಾರ ಆಗಿತ್ತು ಅಷ್ಟೇ. ಒಂದು ಕಾಲದಲ್ಲಿ ಅಧಿಕಾರಿ ಒಂದು ಚರ್ಚಿಗೆ, ಅವರ ಬಟ್ಲರ್ ಇನ್ನೊಂದಕ್ಕೆ ಹೋಗುತ್ತಿದ್ದ. ಕಾಗದದ ಮೇಲೆ ಆ ಎರಡೂ ಒಂದೇ ಸಭೆಯಾದವು. ಮನಸ್ಸಿನಲ್ಲಿ ಒಂದಾಗಲು ಇನ್ನೂ ಎಷ್ಟೋ ವರ್ಷ ಬೇಕಾಯಿತು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು.

ಲ್ಯಾಟಿನ್ ಪುಸ್ತಕ ಕಥೋಲಿಕರದು. 1960ರ ದಶಕದ ಎರಡನೇ ವ್ಯಾಟಿಕನ್ ಮಹಾಸಭೆ ಆಗುವವರೆಗೆ ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್ನಿನಲ್ಲೇ. ನಮ್ಮ ಅಮ್ಮನಿಗೆ ಅರ್ಥ ಗೊತ್ತಿಲ್ಲದೆಯೂ ಸಾಲುಗಳು ಬಾಯಿಗೆ ಬರುತ್ತಿದ್ದವು. ಬಳ್ಳಾರಿ 1949ರಲ್ಲಿ ಧರ್ಮಪ್ರಾಂತ್ಯವಾಯಿತು, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಸೀಮೆಯಾಯಿತು, ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್ ಮೊದಲ ಬಿಷಪ್. ರಾಯಚೂರು, ಕೊಪ್ಪಳ ಕೂಡ ಇದೇ ಧರ್ಮಪ್ರಾಂತ್ಯದೊಳಗೆ ಬರುತ್ತವೆ. ಹಾಗಾಗಿ ಮುದಗಲ್ಲಿನ ಹಳೆ ಕಥೋಲಿಕರಿಗೂ ಈಗ ಬಿಷಪ್ ಇರುವುದು ಬಳ್ಳಾರಿಯಲ್ಲೇ.

ಈಗ ನನ್ನನ್ನು ಜಾಸ್ತಿ ಕಾಡುವ ವಿಷಯ. ಕಂಟೋನ್ಮೆಂಟ್ ಚರ್ಚಿನಲ್ಲಿ ಬಿಳಿಯರ ಮಗುವಿಗೆ ದೀಕ್ಷಾಸ್ನಾನ ಆದರೆ ಅದರ ಒಂದು ನಕಲು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಆ ನಕಲುಗಳು ಇವತ್ತು ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರವಾಗಿವೆ. ಇಂಗ್ಲೆಂಡಿನಲ್ಲಿ ಕೂತವರು ಬಳ್ಳಾರಿಯಲ್ಲಿ ಹುಟ್ಟಿದ ಮುತ್ತಜ್ಜನನ್ನು ಹುಡುಕಿಕೊಳ್ಳಬಹುದು. ಲಂಡನ್ ಮಿಷನ್ನಿನ ಪತ್ರಗಳು ಲಂಡನ್ನಿನ ಸೋಯಾಸ್ ಕಾಲೇಜಿನ ಗ್ರಂಥಾಲಯದಲ್ಲಿವೆ. ಆದರೆ ಮುತ್ತಮ್ಮನ ಮಕ್ಕಳ ಹೆಸರು ಇರುವುದು ನಮ್ಮ ಬೀರುವಿನ ಒಂದೇ ಒಂದು ಪುಸ್ತಕದಲ್ಲಿ. ಅದು ಗೆದ್ದಲಿಗೆ ಹೋದರೆ ಆ ಮನೆತನ ಇತ್ತು ಅನ್ನುವುದಕ್ಕೇ ಸಾಕ್ಷಿ ಇಲ್ಲ. ಅದಕ್ಕೇ ಒಳ್ಳೆ ಬೈಂಡರ್ ಸಿಕ್ಕರೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೊರತೆಗಳೂ ಇವೆ. ಒಂದು, ತಡ. ಮುಂದಿನ ವಾರ ಅಂದರೆ ಮುಂದಿನ ತಿಂಗಳು ಅಂತ ತಿಳಿಯಿರಿ. ಶಾಲೆ ಶುರುವಾಗುವ ಜೂನ್, ಜುಲೈನಲ್ಲಿ ಗೈಡುಗಳ, ರೆಕಾರ್ಡ್ ಪುಸ್ತಕಗಳ ರಾಶಿ ಬಿದ್ದಿರುತ್ತದೆ, ಆಗ ಕೊಡಲೇಬೇಡಿ. ಎರಡು, ರಸೀದಿ ಕೊಡುವುದಿಲ್ಲ. ಸಭೆಯ ಲೆಕ್ಕಕ್ಕೆ ರಸೀದಿ ಬೇಕೇ ಬೇಕು. ನಾವೇ ವೋಚರ್ ಬರೆದುಕೊಂಡು ಹೋಗಿ ಸಹಿ ಹಾಕಿಸಿಕೊಂಡೆವು. ಮೂರು, ಬೆನ್ನಿನ ಚಿನ್ನದ ಅಕ್ಷರ. ಅವರ ಬಳಿ ಇರುವ ಕನ್ನಡ ಅಚ್ಚುಗಳಲ್ಲಿ ಒತ್ತಕ್ಷರ ಕಡಿಮೆ. "ದೀಕ್ಷಾಸ್ನಾನ" ಅಂತ ಹಾಕಲು ಪರದಾಡಿದರು. ಕೊನೆಗೆ ನಮ್ಮ ರಿಜಿಸ್ಟರ್ ಬೆನ್ನಿಗೆ ಇಸವಿ ಮಾತ್ರ ಹಾಕಿಸಿದೆವು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಅವರ ನಂತರ ಈ ಕೆಲಸ ಮಾಡುವವರಿಲ್ಲ. ಮನೆಯ ಹುಡುಗರು ಜೀನ್ಸ್ ಕೆಲಸದಲ್ಲಿದ್ದಾರೆ, ಅಲ್ಲಿ ಕೂಲಿ ಜಾಸ್ತಿ. ಯಾರಾದರೂ ಕಲಿಯುತ್ತೇನೆ ಅಂದರೆ ಕಲಿಸಲು ತಯಾರಿದ್ದಾರೆ. ನಮ್ಮ ಸಭೆಯ ಯುವಜನರ ಕೂಟದಲ್ಲಿ ಹೇಳಿದ್ದೇನೆ, ಇಬ್ಬರು ಹುಡುಗಿಯರು ಆಸಕ್ತಿ ತೋರಿಸಿದ್ದಾರೆ.

ರೇಟು ಹೇಳುತ್ತೇನೆ. ಮ‍ನೆಯ ಸತ್ಯವೇದದ ಅಳತೆಯ ಪುಸ್ತಕ ಬಿಚ್ಚಿ ಹೊಲಿದು ಕ್ಯಾಲಿಕೋ ಹಾಕಲು ನನ್ನಿಂದ 650 ರೂಪಾಯಿ ತೆಗೆದುಕೊಂಡರು. ರೆಕ್ಸಿನ್ ಆದರೆ ಸ್ವಲ್ಪ ಕಮ್ಮಿ, ಆದರೆ ನಮ್ಮ ಬಿಸಿಲಿಗೆ ರೆಕ್ಸಿನ್ ಬೇಗ ಬಿರಿಯುತ್ತದೆ, ಕ್ಯಾಲಿಕೋನೇ ಹಾಕಿಸಿ. ರಿಜಿಸ್ಟರಿಗೆ ಹಾಳೆ ಎಷ್ಟು ಹಾಳಾಗಿದೆ ಅನ್ನುವುದರ ಮೇಲೆ ರೇಟು. ನಮ್ಮದಕ್ಕೆ 2,400 ಆಯಿತು. ಪ್ರತಿ ಹಾಳೆಗೂ ಚೌಕಟ್ಟು ಕಟ್ಟಿದ ಕೆಲಸಕ್ಕೆ ಇದು ಏನೂ ಅಲ್ಲ. ಚೌಕಾಸಿ ಮಾಡಬೇಡಿ ಅಂತ ನನ್ನ ವಿನಂತಿ.

ಕೊಡುವ ಮೊದಲು ಎಲ್ಲ ಪುಟಗಳ ಫೋಟೋ ತೆಗೆದುಕೊಳ್ಳಿ. ಬಿಡಿ ಹಾಳೆಗಳಿಗೆ ಪೆನ್ಸಿಲ್‌ನಲ್ಲಿ ಅಂಕಿ ಹಾಕಿ, ಪೆನ್ ಬೇಡ. ಪುಸ್ತಕದೊಳಗೆ ಒಣಗಿದ ಗರಿ, ಹಳೆ ಕಾರ್ಡು, ಪತ್ರ ಇದ್ದರೆ ತೆಗೆದು ಬೇರೆ ಕವರಿನಲ್ಲಿಡಿ. ಗರಿಗಳ ಭಾನುವಾರದ ತೆಂಗಿನ ಗರಿಯ ಶಿಲುಬೆ ಎಷ್ಟೋ ಸತ್ಯವೇದಗಳಲ್ಲಿ ಇರುತ್ತದೆ, ಅದರ ಕಲೆ ಹಾಳೆಗೆ ಇಳಿದಿರುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಅಂಗಡಿ ಮುಚ್ಚಿರುತ್ತದೆ. ಬೆಳಿಗ್ಗೆ ಹತ್ತರ ನಂತರ ಹೋದರೆ ಮಾತಾಡಲು ಪುರುಸೊತ್ತು ಇರುತ್ತದೆ. ಗಲ್ಲಿಗೆ ಕಾರು ಹೋಗುವುದಿಲ್ಲ, ಆಟೋದವರು ತಿರುವಿನವರೆಗೆ ಬಿಡುತ್ತಾರೆ. ಅಲ್ಲೇ ತಿರುವಿನಲ್ಲಿ ಒಗ್ಗಾಣಿ ಮಿರ್ಚಿ ಸಿಗುತ್ತದೆ, ಕೈ ತೊಳೆದುಕೊಂಡೇ ಅಂಗಡಿಗೆ ಹೋಗಿ. ಎಣ್ಣೆ ಕೈಯಲ್ಲಿ ಪುಸ್ತಕ ಮುಟ್ಟಿದರೆ ಚಾಚಾ ಬೈಯುತ್ತಾರೆ.

ನಮ್ಮದಿನ್ನು ಹೂಳಿದವರ ರಿಜಿಸ್ಟರ್ ಬಾಕಿ ಇದೆ. ಎಲ್ಲಕ್ಕಿಂತ ಹೆಚ್ಚು ಹಾಳಾಗಿರುವುದು ಅದೇ. 1876ರಿಂದ 78ರವರೆಗಿನ ದೊಡ್ಡ ಬರದ ಪುಟಗಳು, 1918ರ ಇನ್‌ಫ್ಲುಯೆಂಜಾ ಜ್ವರದ ಪುಟಗಳು ಒಂದಕ್ಕೊಂದು ಅಂಟಿಕೊಂಡಿವೆ. ಸಾಲುಗಳು ಅಷ್ಟು ಒತ್ತೊತ್ತಾಗಿವೆ, ಶಾಯಿ ಅಷ್ಟು ಬಿದ್ದಿದೆ. ತೋರಿಸಲು ತೆಗೆದುಕೊಂಡು ಹೋಗಿದ್ದೆ. ಮಳೆಗಾಲದ ತೇವದಲ್ಲಿ ಬೇಡ, ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ತನ್ನಿ ಅಂದರು. ಅಲ್ಲಿಯವರೆಗೆ ನಿಲ್ಲಿಸಿ ಇಡಬಾರದು, ಮಲಗಿಸಿ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪಕ್ಕದಲ್ಲಿ ಬಜೆ ಬೇರು ಇಡಬೇಕಂತೆ. ಹಾಗೇ ಇಟ್ಟಿದ್ದೇವೆ. ಕಮಿಟಿ ಅದಕ್ಕೆ 4,000 ರೂಪಾಯಿ ತೆಗೆದಿರಿಸಿದೆ.